ಗಾಳಿಗೂ ಒಂದು ಕೊಸರು

ಹುಲಿಕುಂಟೆ ಹೋಬಳಿಯ ಬೇವಿನಕುಂಟೆಯಲ್ಲಿ ಅಡವಯ್ಯನಿಗೆ ಇರುವ ಮರ್ಯಾದೆ ಸಾಧಾರಣವಾದದ್ದು. ಅವನ ಬಲತೋಳಿಗೆ ಇರುವ ಮರ್ಯಾದೆ ಮಾತ್ರ ಅಸಾಧಾರಣವಾದದ್ದು. ಅಡವಯ್ಯ ಟೀ ಅಂಗಡಿಗೆ ಬಂದರೆ ಬೆಂಚಿನ ಮೇಲಿರುವವರು ಒಂದಿಂಚೂ ಸರಿಯುವುದಿಲ್ಲ. ಅದೇ ಅಡವಯ್ಯ ಮೊರ ಎತ್ತಿಕೊಂಡು ಕಣಕ್ಕೆ ಇಳಿದನೆಂದರೆ ಊರಿಗೆ ಊರೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಇದರಲ್ಲಿ ಅರ್ಧ ಗೌರವ, ಇನ್ನರ್ಧ ಕಣ್ಣಿಗೆ ಹೊಟ್ಟು ಬೀಳುವ ಭಯ ಎಂದು ಕೆಲವರು ಹೇಳುತ್ತಾರೆ. ಮಹಾತ್ಮರ ವಿಷಯದಲ್ಲಿ ಇಂಥ ಮಾತಾಡುವವರು ಎಲ್ಲ ಊರಲ್ಲೂ ಇರುತ್ತಾರೆ.

ಅವನಿಗೆ ಈಗ ಅರವತ್ತೊಂದು. ನಲವತ್ತು ವರ್ಷ ಅವನು ಮಾಡಿದ್ದು ಎರಡೇ ಕೆಲಸ, ತೂರುವುದು ಮತ್ತು ಅಳೆಯುವುದು. ಪುಷ್ಯ ಮಾಸದ ಸಂಜೆ ಮೂಡಗಾಳಿ ಎದ್ದಾಗ ಮೂರು ಕಾಲಿನ ಮಣೆಯ ಮೇಲೆ ನಿಂತು, ಹುರುಳಿ ತುಂಬಿದ ಮೊರವನ್ನು ತಲೆಯ ಮೇಲಕ್ಕೆತ್ತಿ, ಮೆಲ್ಲಗೆ ಅಲುಗಿಸಿದರೆ ಕಾಳು ಅವನ ಕಾಲ ಬುಡದಲ್ಲಿ ಮಂಗಳಾರತಿಗೆ ಕೂತ ದೇವರ ಹಾಗೆ ಗುಂಡಗೆ ರಾಶಿಯಾಗುತ್ತಿತ್ತು. ಹೊಟ್ಟು ಹಾರಿ ಹತ್ತು ಹೆಜ್ಜೆ ಆಚೆ ಬೀಳುತ್ತಿತ್ತು. ಒಂಬತ್ತಲ್ಲ, ಹನ್ನೊಂದಲ್ಲ. ಆ ಹತ್ತನೇ ಹೆಜ್ಜೆಯಲ್ಲಿ ದನಗಳು ಮೊದಲೇ ಬಂದು ಬಾಯಿ ಚಪ್ಪರಿಸಿಕೊಂಡು ಕಾಯುತ್ತಿದ್ದವು ಎಂದರೆ ಅವನ ಕೀರ್ತಿ ಜಾತಿ ಕುಲಗಳನ್ನು ಮಾತ್ರವಲ್ಲ, ಜೀವರಾಶಿಯ ಭೇದವನ್ನೂ ದಾಟಿತ್ತು ಎಂದು ತಿಳಿಯಬೇಕು.

ತೂರಿದ ಮೇಲೆ ಅಳತೆಯೂ ಅವನದೇ. ಸೇರಿನಿಂದ ಅಳೆದು ಹಾಕಿ, ಕೊನೆಗೆ ಎರಡೂ ಕೈ ಸೇರಿಸಿ ಒಂದು ಬೊಗಸೆ ಕಾಳನ್ನು ಕೊಸರು ಎಂದು ಮೇಲೆ ಸುರಿಯುತ್ತಿದ್ದ. ಕೊಸರು ಹಾಕದವರು ಈ ಸೀಮೆಯಲ್ಲಿ ಯಾರೂ ಇಲ್ಲ. ಆದರೆ ಕೆಲವರ ಬೊಗಸೆ ಕೊಡುವಾಗ ಕಿರಿದಾಗಿ, ಇಸಿದುಕೊಳ್ಳುವಾಗ ಹಿರಿದಾಗುತ್ತದೆ. ಅಡವಯ್ಯನ ಬೊಗಸೆ ಮಾತ್ರ ಎಲ್ಲರಿಗೂ, ಎಲ್ಲ ಕಾಲಕ್ಕೂ ಒಂದೇ. ಎರಡು ಕಡೆಯವರು ಮುಖ ಕೊಟ್ಟು ಮಾತಾಡದ ಮನೆಗಳಲ್ಲೂ ಅಳತೆಗೆ ಅವನನ್ನೇ ಕರೆಯುತ್ತಿದ್ದರು.

ಇಂಥ ತೋಳಿಗೆ ಗ್ರಹಚಾರ ಬಂದದ್ದು ಮೂಡಣ ದಿಕ್ಕಿನಿಂದ. ಕೆರೆಯ ಆಚೆಗಿನ ಗುಡ್ಡದ ಸಾಲಿನ ಮೇಲೆ ಮೂರು ವರ್ಷದ ಕೆಳಗೆ ಇಪ್ಪತ್ತಾರು ಗಾಳಿ ಫ್ಯಾನುಗಳು ಎದ್ದು ನಿಂತವು. ಮೊದಲ ವರ್ಷ ಜನ ನೋಡಿದರು, ಎರಡನೇ ವರ್ಷ ನೋಡುವುದನ್ನು ಬಿಟ್ಟರು. ಹೋದ ವರ್ಷ ಅಡವಯ್ಯ ತನ್ನ ಸ್ವಂತ ಕಣದಲ್ಲಿ ಹುರುಳಿ ತೂರುತ್ತಿದ್ದಾಗ ಹೊಟ್ಟು ಏಳು ಹೆಜ್ಜೆ ಹೋಗಿ, ಮುಂದೆ ಹೋಗಲು ಮನಸ್ಸಿಲ್ಲದ ಮಗುವಿನ ಹಾಗೆ ಅಲ್ಲೇ ಕೂತುಬಿಟ್ಟಿತು. ಹತ್ತನೇ ಹೆಜ್ಜೆಯಲ್ಲಿ ಕಾಯುತ್ತಿದ್ದ ಎಮ್ಮೆಯೊಂದು ತಲೆ ಎತ್ತಿ ಅವನನ್ನು ನೋಡಿತು. ಆ ನೋಟವನ್ನು ಅಡವಯ್ಯ ಇಂದಿಗೂ ಮರೆತಿಲ್ಲ.

"ಫ್ಯಾನು ಗಾಳಿ ತಿಂದ್ಬುಟ್ಟೈತೆ," ಎಂದು ಅವನು ಅಂದೇ ತೀರ್ಪು ಕೊಟ್ಟ.

"ಫ್ಯಾನು ಎರಡು ವರ್ಸದಿಂದ ಐತಲ್ಲಣ್ಣಾ," ಎಂದ ಬಸವೇಶ. "ಹೋದೊರ್ಸ ತಿನ್ನದ ಗಾಳೀನ ಈ ವರ್ಸ ಯಾಕೆ ತಿಂತದೆ? ತೋಳಿಗೂ ವಯಸ್ಸಾಗ್ತದೆ ಕಣಣ್ಣ."

"ಹೋದೊರ್ಸ ಇಲ್ಲಿ ಹುರುಳಿ ಬೆಳ್ದೋರು ಯಾರ್ಲಾ? ತೂರಿದ್ರೆ ತಾನೆ ಗೊತ್ತಾಗಾದು."

ಬಸವೇಶನ ಬಳಿ ಟ್ರ್ಯಾಕ್ಟರಿಗೆ ಕಟ್ಟುವ ತೂರುವ ಯಂತ್ರವಿದೆ. ಅದಕ್ಕೆ ಮೂಡಗಾಳಿ ಬೇಡ, ಡೀಸೆಲ್ ಸಾಕು. ತೋಳುಗಳಿಗೆ ವಯಸ್ಸಾಗುವ ವಿಷಯದಲ್ಲಿ ಅವನಿಗಿದ್ದ ಕಾಳಜಿ ಆ ಯಂತ್ರ ಕೊಂಡ ದಿನದಿಂದ ಶುರುವಾದದ್ದು. ಅಂತೂ ಊರು ಎರಡಾಯಿತು. ಕಮ್ಮಿಯಾದದ್ದು ಗಾಳಿ ಎನ್ನುವವರು ಒಂದು ಕಡೆ, ತೋಳು ಎನ್ನುವವರು ಇನ್ನೊಂದು ಕಡೆ. ಮೊದಲ ಪಕ್ಷದಲ್ಲಿ ಅಡವಯ್ಯ ಇದ್ದ. ಅವನ ಹೆಂಡತಿ ಕಮಲಾಕ್ಷಮ್ಮನೂ ಇದ್ದಿರಬಹುದು. ಆಕೆ ಬಾಯಿಬಿಟ್ಟು ಹೇಳಲಿಲ್ಲ.

ಈ ಯುದ್ಧಕ್ಕೆ ವಿಜ್ಞಾನ ಬಂದು ಸೇರಿದ್ದು ಕಾರ್ತಿಕದಲ್ಲಿ. ಬೆಂಗಳೂರಿನ ಒಂದು ಸಂಸ್ಥೆಗೆ, ಸಮುದ್ರದೊಳಗೆ ನೂರಾರು ಫ್ಯಾನುಗಳನ್ನು ನೆಟ್ಟರೆ ಸುತ್ತಲಿನ ಗಾಳಿ, ಸೆಕೆ, ತೇವ ಇವೆಲ್ಲ ಏನಾಗುತ್ತವೆ ಎಂದು ಮೊದಲೇ ಲೆಕ್ಕ ಹಾಕಿ ಹೇಳುವ ಕೆಲಸ ಬಂದಿತ್ತು. ಸಮುದ್ರದ ವಿಷಯವಾದ್ದರಿಂದ ಅವರು ನೇರವಾಗಿ ಶಿರಾ ತಾಲ್ಲೂಕಿಗೆ ಬಂದರು. ಧರ್ಮಸ್ಥಳ ಪ್ರವಾಸದಲ್ಲಿ ಮಂಗಳೂರಿಗೆ ಹೋಗಿ ಅರ್ಧ ಗಂಟೆ ಪಾದ ನೆನೆಸಿಕೊಂಡು ಬಂದದ್ದು ಬಿಟ್ಟರೆ ಬೇವಿನಕುಂಟೆಗೂ ಸಮುದ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೆ ದೊಡ್ಡ ಸಂಸ್ಥೆಗಳ ದೃಷ್ಟಿ ಇಂಥ ಸಣ್ಣ ವಿಷಯಗಳಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ನಿಜ ಹೇಳಬೇಕೆಂದರೆ ಅದರಲ್ಲಿ ಒಂದು ತರ್ಕವಿತ್ತು. ಅದನ್ನು ವಿವರಿಸಿದವಳು ಲೋಹಿತಾ. ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯ ಹುಡುಗಿ. ಗಾಳಿಯ ಮೇಲೆ ಡಾಕ್ಟರೇಟ್ ಮಾಡಿದವಳು. ಒಣಗಿದ ಕೆರೆಯ ಅಂಗಳ ನೀರಿನಷ್ಟೇ ಸಪಾಟು, ಸಂಜೆ ನೆಲ ತಣ್ಣಗಾದಾಗ ಅದರ ಮೇಲಿನ ಗಾಳಿ ಪದರ ಪದರವಾಗಿ ಅಲುಗದೆ ಮಲಗುತ್ತದೆ, ತಣ್ಣನೆಯ ಸಮುದ್ರದ ಮೇಲೂ ಹಾಗೆಯೇ. ಮೂಡಲಲ್ಲಿ ಫ್ಯಾನು, ನಡುವೆ ಕೆರೆ, ಪಡುವಲ ದಡದಲ್ಲಿ ಊರು. ಫ್ಯಾನು ದಾಟಿದ ಗಾಳಿ ಎಷ್ಟು ಸೊರಗುತ್ತದೆ, ಎಷ್ಟು ದೂರಕ್ಕೆ ಚೇತರಿಸಿಕೊಳ್ಳುತ್ತದೆ ಎಂದು ಕಂಪ್ಯೂಟರಿನ ಲೆಕ್ಕ ಹೇಳಬೇಕು. ಆ ಲೆಕ್ಕ ಇಲ್ಲಿ ಸರಿಹೋದರೆ ಸಮುದ್ರಕ್ಕೆ ಕೊಂಡೊಯ್ಯಬಹುದು.

ಕೆರೆಯ ನಡುವೆ ಒಂದು ಎತ್ತರದ ಕಂಬ ನಿಂತಿತು. ತುದಿಯಲ್ಲಿ ತಿರುಗುವ ಬಟ್ಟಲುಗಳು, ಬುಡದಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯ ಮುಖದ ಮೇಲೆ ಗಾಳಿಯ ವೇಗ ತೋರಿಸುವ ಕೆಂಪು ಅಂಕಿಗಳು. ಅಂಕಿಗಳನ್ನೆಲ್ಲ ಒಳಗಿನ ಕಾರ್ಡು ತಾನೇ ತುಂಬಿಕೊಳ್ಳುತ್ತದೆ. ಆದರೂ ಯಂತ್ರ ಹೇಳಿದ್ದನ್ನು ಮನುಷ್ಯ ಒಮ್ಮೆ ಕೈಯಲ್ಲಿ ಬರೆಯದಿದ್ದರೆ ಅದು ನಿಜವಾಗುವುದಿಲ್ಲ ಎಂಬುದು ನಮ್ಮ ಎಲ್ಲ ಕಚೇರಿಗಳ ಅನುಭವ. ಹಾಗಾಗಿ ಸಂಜೆ ನಾಲ್ಕರಿಂದ ಏಳರವರೆಗೆ ಅರ್ಧ ಗಂಟೆಗೊಮ್ಮೆ ಅಂಕಿ ನೋಡಿ ಒಂದು ರಿಜಿಸ್ಟರಿನಲ್ಲಿ ಬರೆಯಲು ಊರಿನ ಒಬ್ಬರು ಬೇಕಾದರು.

ಅಡವಯ್ಯ ಕೇಳಿದ್ದು ಒಂದೇ ಪ್ರಶ್ನೆ. "ಕಮ್ಮಿಯಾಗಿರಾದು ಗಾಳಿನೋ ಅಲ್ವೋ, ಅದು ಇದ್ರಾಗೆ ಗೊತ್ತಾಗ್ತದೇನಮ್ಮ?"

"ಅದಕ್ಕೇ ಅಲ್ವಾ ಬಂದಿರೋದು, ಅಡವಯ್ಯನೋರೆ."

"ಅಂಗಾದ್ರೆ ಬರೀತೀನಿ."

ಯಂತ್ರ ಕೂರಿಸಿದವನು ಶಿರಾ ಪೇಟೆಯ ಫೈಜಲ್, ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡ ನಲವತ್ತರ ಆಸಾಮಿ. ಅವನು ಮೊದಲ ದಿನವೇ "ತಾತಾ, ಇಲ್ಲಿ ನೋಡಿ," ಎಂದು ಶುರುಮಾಡಿ, ಅಡವಯ್ಯನ ಮುಖ ನೋಡಿ, "ಅಣ್ಣಾ, ಇಲ್ಲಿ ನೋಡಿ," ಎಂದು ತಿದ್ದಿಕೊಂಡ. ತೋಳಿನ ವಿವಾದ ನ್ಯಾಯಾಲಯದಲ್ಲಿರುವಾಗ ತಾತ ಎನ್ನುವುದು ಎದುರಾಳಿಗೆ ಸಾಕ್ಷಿ ಹೇಳಿದಂತೆ ಎಂದು ಪಾಪ ಅವನಿಗೇನು ಗೊತ್ತು.

ಲೋಹಿತಾ ತನ್ನ ಲ್ಯಾಪ್‌ಟಾಪಿನಲ್ಲಿ ಲೆಕ್ಕವನ್ನೂ ತೋರಿಸಿದಳು. ಬೇವಿನಕುಂಟೆಯ ಆಕಾಶವನ್ನೆಲ್ಲ ಚೌಕ ಡಬ್ಬಿಗಳಾಗಿ ಕತ್ತರಿಸಿ ಪೇರಿಸಿದ್ದಳು. ಒಂದು ಡಬ್ಬಿಯ ಗಾಳಿ ಪಕ್ಕದ ಡಬ್ಬಿಗೆ ನುಗ್ಗಬೇಕು. ನಡುವೆ ಫ್ಯಾನು ಇದ್ದರೆ ಎರಡು ಕೆಲಸ ಆಗುತ್ತದೆ. ಒಂದು, ಗಾಳಿಯ ಓಟದಲ್ಲಿ ಒಂದು ಪಾಲನ್ನು ಅದು ಕಿತ್ತುಕೊಳ್ಳುತ್ತದೆ. ಇನ್ನೊಂದು, ಮೇಲಿನ ಡಬ್ಬಿಯದನ್ನೂ ಕೆಳಗಿನ ಡಬ್ಬಿಯದನ್ನೂ ಕಲಕುತ್ತದೆ. ಹಗಲು ನೆಲ ಕಾದಿರುವಾಗ ಗಾಳಿ ತಾನೇ ಕುದಿಯುತ್ತಿರುತ್ತದೆ, ಹಾಗಾಗಿ ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳುತ್ತದೆ. ಸಂಜೆ ತಣ್ಣಗೆ ಪದರವಾದಾಗ ಆ ಸೊರಗು ಮೈಲಿಗಟ್ಟಲೆ ಹಾಗೆಯೇ ಎಳೆದುಕೊಂಡು ಬರುತ್ತದೆ.

"ತೂರೋನ ಮುಂದುಕ್ಕೆ ಯಾರಾನ ಬಂದು ನಿಂತ್ಕಂಡಂಗೆ," ಎಂದ ಅಡವಯ್ಯ. "ಗಾಳಿ ಬತ್ತದೆ, ಆದ್ರೆ ಅದ್ರಾಗೆ ಕಸುವಿರಕಿಲ್ಲ. ಸುತ್ಕಂಡು ಸುತ್ಕಂಡು ಬತ್ತದೆ."

ಲೋಹಿತಾ ಲ್ಯಾಪ್‌ಟಾಪು ಮುಚ್ಚಿ, "ನಾನು ಇದನ್ನ ಅರವತ್ತು ಪುಟ ಬರ್ದಿದ್ದೆ," ಎಂದಳು.

ಅಂದಿನಿಂದ ಅಡವಯ್ಯ ಗಾಳಿಯ ಅಧಿಕಾರಿಯಾದ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಕೈಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟು, ರಿಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು ಕೆರೆಗೆ ಇಳಿಯುತ್ತಿದ್ದ. ಕೆಂಪು ಅಂಕಿಗೆ ಕೈ ಮುಗಿಯುತ್ತಿದ್ದ. ಗಾಳಿಯೂ ದೇವರೇ ಅಲ್ಲವೇ. ಆಮೇಲೆ ದುಂಡಗೆ, ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ. ಐದನೇ ತರಗತಿಯವರೆಗೆ ಕಲಿತ ಅಕ್ಷರಕ್ಕೆ ಇಂಥ ಉದ್ಯೋಗ ಸಿಕ್ಕೀತೆಂದು ಅವನ ಮೇಷ್ಟ್ರಿಗೆ ಗೊತ್ತಿದ್ದರೆ ಇನ್ನೆರಡು ಏಟು ಹೆಚ್ಚು ಕೊಟ್ಟು ಇನ್ನೂ ಚೆನ್ನಾಗಿ ಕಲಿಸುತ್ತಿದ್ದರೋ ಏನೋ.

ಒಂದೂವರೆ ತಿಂಗಳು ಕಳೆದ ಮೇಲೆ ಫೈಜಲ್ ಬಂದು ಪೆಟ್ಟಿಗೆ ತೆಗೆದ. ತೆಗೆದವನು ಹಾಗೆಯೇ ನಿಂತ.

"ಅರೆ, ಒಳಗೆ ಇರುವೆಗಳು ಪೂರಾ ಮೊಹಲ್ಲಾ ಕಟ್ಟಿಬಿಟ್ಟಿವೆ ಮೇಡಂ. ಅಂಕಿ ತೋರಿಸ್ತಾ ಇದೆ, ಕಾರ್ಡಿಗೆ ಮಾತ್ರ ಮೂರನೇ ದಿನದಿಂದ ಒಂದು ಅಕ್ಷರನೂ ಇಳಿದಿಲ್ಲ."

ಹೀಗೆ ಬೇವಿನಕುಂಟೆಯ ಗಾಳಿಗೆ ಈ ಭೂಮಿಯ ಮೇಲೆ ಉಳಿದ ಏಕೈಕ ಸಾಕ್ಷಿ ಅಡವಯ್ಯನ ರಿಜಿಸ್ಟರಾಯಿತು. ಫೈಜಲ್ ಇರುವೆಗಳನ್ನು ಒಕ್ಕಲೆಬ್ಬಿಸಿ ಹೊಸ ಕಾರ್ಡು ಹಾಕಿ, ಅಡವಯ್ಯನಿಗೆ ಹೊಸ ರಿಜಿಸ್ಟರು ಕೊಟ್ಟು ಹೋದ. ಹಳೆಯದು ಬೆಂಗಳೂರಿಗೆ ಹೋಯಿತು.

ಬೆಂಗಳೂರಿನಲ್ಲಿ ಅದನ್ನು ಕೈಗೆತ್ತಿಕೊಂಡವರು ಲೋಹಿತಾಳ ಮೇಲಿನವರಾದ ಪ್ರೊಫೆಸರ್ ಲಕ್ಷ್ಮೀಪತಿಯವರು. ಫ್ಯಾನುಗಳು ಬರುವ ಮೊದಲು, ಜಾಗ ನೋಡಲು ಬಂದವರು ಇದೇ ಕೆರೆಯಲ್ಲಿ ಇಷ್ಟೇ ಎತ್ತರದಲ್ಲಿ ಗಾಳಿ ಅಳೆದಿದ್ದರು. ಆಗ ಇದೇ ತಿಂಗಳುಗಳ ಸಂಜೆಯ ಸರಾಸರಿ ಸೆಕೆಂಡಿಗೆ ಐದು ಮೀಟರ್. ಫ್ಯಾನು ಬಂದ ಮೇಲೆ ಅದು ನಾಲ್ಕಕ್ಕೆ ಇಳಿಯಬೇಕು ಎಂದು ಲೋಹಿತಾಳ ಮಾಡೆಲ್ ಹೇಳಿತ್ತು. ಅಡವಯ್ಯನ ರಿಜಿಸ್ಟರಿನಲ್ಲಿ ಐದು ಇತ್ತು. ಅಂದರೆ ಗಾಳಿಯ ಒಂದು ಕೂದಲೂ ಕೊಂಕಿರಲಿಲ್ಲ.

ಸಾಮಾನ್ಯ ಮನುಷ್ಯನಾದರೆ ಎಲ್ಲೋ ತಪ್ಪಾಗಿದೆ ಎಂದುಕೊಳ್ಳುತ್ತಿದ್ದ. ಲಕ್ಷ್ಮೀಪತಿಯವರು ಸಾಮಾನ್ಯರಾಗಿರಲಿಲ್ಲ. ಒಣಕೆರೆಯ ಅಂಗಳಕ್ಕೆ ಸೊರಗಿದ ಗಾಳಿಯನ್ನು ಮತ್ತೆ ತುಂಬಿಕೊಡುವ ಒಂದು ಗೂಢಶಕ್ತಿ ಇದೆ ಎಂದು ಅವರು ಕಂಡುಹಿಡಿದರು. ಅದಕ್ಕೆ 'ಕೆರೆ ಪುನಶ್ಚೇತನ ಪರಿಣಾಮ' ಎಂದು ಹೆಸರಿಟ್ಟರು. ಸಮೀಕರಣ ಬರೆದರು. ಅದರಲ್ಲಿ ಬರುವ ಸಂಖ್ಯೆಯೊಂದು ಸಣ್ಣ ಗಾಳಿಗೂ ದೊಡ್ಡ ಗಾಳಿಗೂ, ಮೋಡ ಇದ್ದರೂ ಇಲ್ಲದಿದ್ದರೂ, ಸರಿಯಾಗಿ ಒಂದು ಬರುತ್ತಿತ್ತು. ಪ್ರಕೃತಿಯಲ್ಲಿ ಇಂಥ ಶಿಸ್ತನ್ನು ತಮ್ಮ ಮೂವತ್ತು ವರ್ಷದ ಸೇವೆಯಲ್ಲಿ ಕಂಡಿಲ್ಲ ಎಂದು ಅವರು ಗದ್ಗದರಾದರಂತೆ. ಸಂಕ್ರಾಂತಿ ಮುಗಿದ ಮೇಲೆ ಪರಿಶೀಲನಾ ಸಮಿತಿಯವರನ್ನು ಕೆರೆಗೇ ಕರೆತಂದು ತೋರಿಸುವುದೆಂದು ನಿಶ್ಚಯವಾಯಿತು.

ಸುದ್ದಿ ಊರಿಗೆ ಬರಲು ತಡವಾಗಲಿಲ್ಲ. ಶಾಮಿಯಾನ ಎಲ್ಲಿ ಹಾಕಬೇಕೆಂದು ಕೇಳಲು ಬಂದವರ ಬಾಯಿಂದ ಬಸವೇಶ ಅದನ್ನು ಹೆಕ್ಕಿ, ಟೀ ಅಂಗಡಿಯ ಬೆಂಚಿನ ಮೇಲೆ ನಿಂತು ಹಂಚಿದ.

"ಕೇಳ್ರಪ್ಪೋ. ಫ್ಯಾನಿಗೆ ಮುಂಚೆ ಐದು, ಈಗ್ಲೂ ಐದು. ಗಾಳಿ ಇದ್ದಂಗೇ ಐತೆ. ಹೇಳಿರಾದು ನಾನಲ್ಲ, ಅಡವಯ್ಯಣ್ಣನ ಪುಸ್ತಕ."

ಅಡವಯ್ಯ ಟೀ ಅರ್ಧಕ್ಕೆ ಬಿಟ್ಟು ಎದ್ದು ಬಂದ. ಅಂದಿನಿಂದ ಅವನು ಬಲತೋಳನ್ನು ಕಂಬಳಿಯ ಒಳಗೆ ಮುಚ್ಚಿಕೊಂಡು ಓಡಾಡತೊಡಗಿದ. ತಪ್ಪು ಮಾಡಿ ಸಿಕ್ಕಿಬಿದ್ದ ಮಗನನ್ನು ನೆಂಟರ ಎದುರು ಒಳಕೋಣೆಗೆ ಕಳಿಸುವ ಹಾಗೆ. ಕಣದಲ್ಲಿ ಈ ವರ್ಷದ ಹುರುಳಿ ಒಕ್ಕಿ ಹಾಗೆಯೇ ಬಿದ್ದಿತ್ತು. ತೂರಲು ಕೈ ಹೋಗಲಿಲ್ಲ.

"ಬಸವೇಶನ ಮಿಷನ್‌ಗಾನ ಹೇಳನಾ?" ಎಂದಳು ಕಮಲಾಕ್ಷಮ್ಮ.

ಅಡವಯ್ಯ ಅವಳನ್ನು ನೋಡಿದ.

"ಕೇಳ್ದೆ ಅಷ್ಟೆ," ಎಂದು ಅವಳು ಒಲೆಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಾದ ಮೇಲೆ, "ಅಲ್ಲಾ, ನೀವೇ ಬರ್ದಿದ್ದು ನಿಮ್ಮ ಮ್ಯಾಲೇ ಸಾಕ್ಷಿ ಹೇಳ್ತಲ್ಲ," ಎಂದಳು. "ಬೇರೆಯೋರು ಬರ್ದಿದ್ರೆ ಸುಳ್ಳು ಅನ್ಬೌದಾಗಿತ್ತು."

ಅದೇ ಅಡವಯ್ಯನಿಗೆ ನುಂಗಲಾಗದ ತುತ್ತಾಗಿತ್ತು. ರಿಜಿಸ್ಟರು ಸುಳ್ಳೆನ್ನಲು ಅದನ್ನು ಬರೆದವನು ಅವನೇ. ತೋಳು ಸೋತಿದೆ ಎನ್ನಲು ಅದನ್ನು ಹೊತ್ತವನೂ ಅವನೇ.

ಸಮಿತಿ ಬರಲು ಎರಡು ದಿನವಿದೆ ಎನ್ನುವಾಗ ಲೋಹಿತಾ ಮತ್ತು ಫೈಜಲ್ ಕೆರೆಗೆ ಬಂದರು. ಹೊಸ ಕಾರ್ಡಿನಲ್ಲಿ ಹದಿನೈದು ದಿನದ ಅಂಕಿಗಳಿದ್ದವು. ಅದೇ ಹದಿನೈದು ದಿನದ ರಿಜಿಸ್ಟರಿನ ಪುಟದ ಪಕ್ಕ ಇಟ್ಟರೆ, ಕಾರ್ಡಿನಲ್ಲಿ ಮೂರು ಇದ್ದಲ್ಲಿ ರಿಜಿಸ್ಟರಿನಲ್ಲಿ ನಾಲ್ಕು. ನಾಲ್ಕೂವರೆ ಇದ್ದಲ್ಲಿ ಐದೂವರೆ. ಒಂದು ಸಂಜೆಯೂ ಬಿಡದೆ ಹೀಗೆಯೇ. ಫೈಜಲ್ ಕಂಬ ಹತ್ತಿ ಬಟ್ಟಲುಗಳನ್ನು ಒರೆಸಿ ಇಳಿದ. ಯಂತ್ರ ಸರಿಯಿತ್ತು.

ಲೋಹಿತಾ ಅಡವಯ್ಯನ ಪಕ್ಕ ಕೂತಳು. "ಅಡವಯ್ಯನೋರೆ, ಈಗ ಪೆಟ್ಟಿಗೆ ಎಷ್ಟು ತೋರಿಸ್ತೈತೆ?"

"ಮೂರು ಮುಕ್ಕಾಲು."

"ಬರೀರಿ ನೋಡಣ."

ಅವನು ಕೈ ಮುಗಿದು, ದುಂಡಗೆ ನಾಲ್ಕು ಮುಕ್ಕಾಲು ಎಂದು ಬರೆದ.

"ಇನ್ನೊಂದು ಎಲ್ಲಿಂದ ಬಂತು?"

"ಎಲ್ಲಿಂದ ಅಂದ್ರೆ? ಕೊಸರು ಬ್ಯಾಡ್ವೇನಮ್ಮ?" ಅಡವಯ್ಯನಿಗೆ ಅವಳ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕೊಸರು ಬುಟ್ಟು ಯಾರಾನ ಅಳೀತಾರಾ? ಅದೂ ಗಾಳಿ. ಯಾರಪ್ಪನ ಮನೇದೂ ಅಲ್ಲ. ಕಡ್ಡಿ ಗೀರ್ದಂಗೆ ಅಳ್ದು ದೇವ್ರ ಪಾಪ ಕಟ್ಕಳಾಕಾಯ್ತದಾ? ಎಲ್ಲಾ ಸಲಾನೂ ಒಂದೇ ಕೊಸರು ಹಾಕಿವ್ನಿ. ಹೆಚ್ಚಿಲ್ಲ, ಕಮ್ಮಿಯಿಲ್ಲ. ಬೇಕಾರೆ ಲೆಕ್ಕ ಹಾಕ್ನೋಡಿ."

"ಹಾಕಿ ನೋಡಿದ್ದೀವಿ," ಎಂದ ಫೈಜಲ್, ಸಣ್ಣ ದನಿಯಲ್ಲಿ.

ಲೋಹಿತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. ಕೈ ತೆಗೆದಾಗ ಎರಡೂ ಆಗಿತ್ತು. "ಅಡವಯ್ಯನೋರೆ, ಆ ಒಂದು ಕಳೆದ್ರೆ ಈಗಿನ ಗಾಳಿ ನಾಲ್ಕು. ಮೊದ್ಲು ಐದಿತ್ತು. ಫ್ಯಾನು ತಿಂದಿದ್ದು ನಿಜ. ನೀವು ಅದನ್ನ ವಾಪಸ್ ತುಂಬಿಬಿಟ್ಟಿದ್ದೀರಿ."

ಅಡವಯ್ಯ ತನ್ನ ಕೈಗಳನ್ನು ನೋಡಿಕೊಂಡ. ಬೊಗಸೆ ಹಾಕುವ ಈ ಕೈಗಳೇ ಮೊರ ಎತ್ತುವ ತೋಳನ್ನು ಹೂತುಹಾಕಿದ್ದವು.

"ನಾನೇ ಸಮಿತಿಗೆ ಹೇಳ್ಬೌದು," ಎಂದಳು ಲೋಹಿತಾ. "ಆದ್ರೆ ಬರ್ದಿರೋದು ನೀವು. ಊರಲ್ಲಿ ಅಡವಯ್ಯ ತಪ್ಪು ಅಳತೆ ಅಳ್ದ ಅಂತಾರೆ. ಅದಕ್ಕೇ ನಿಮ್ಮನ್ನ ಕೇಳ್ದೆ."

ಸಂಕಟ ಇದ್ದದ್ದೇ ಅಲ್ಲಿ. ಹೇಳದಿದ್ದರೆ ತೂರುವ ಅಡವಯ್ಯನ ಕಥೆ ಮುಗಿಯಿತು. ಹೇಳಿದರೆ ಅಳೆಯುವ ಅಡವಯ್ಯನ ಕಥೆ ಮುಗಿಯಿತು. ನಲವತ್ತು ವರ್ಷದಲ್ಲಿ ಅವನ ಸೇರಿನ ಮೇಲೆ ಯಾರೂ ಒಂದು ಮಾತು ಆಡಿರಲಿಲ್ಲ. ಸಮಿತಿ ಬರುವ ದಿನ ಬೆಳಿಗ್ಗೆ ಶಾಮಿಯಾನದ ಕಡೆ ಹೊರಟಾಗ ಅವನ ಒಂದು ಕೈಯಲ್ಲಿ ಸೇರು, ಇನ್ನೊಂದರಲ್ಲಿ ಹುರುಳಿಯ ಚೀಲ ಇದ್ದವು. ಕಂಬಳಿ ಮನೆಯಲ್ಲೇ ಉಳಿದಿತ್ತು.

ಒಣಕೆರೆಯ ನಡುವೆ, ದನದ ಹೆಜ್ಜೆಗಳ ಮೇಲೆ ಕೆಂಪು ಜಮಖಾನ ಹಾಸಿ, ಸಮುದ್ರ ವಿಜ್ಞಾನದ ಪರಿಶೀಲನೆ ಶುರುವಾಯಿತು. ಸಮಿತಿಯ ಮೂವರೂ ಕುರ್ಚಿಯಲ್ಲಿ ಕೂತರು. ಊರು ನೆಲದ ಮೇಲೆ ಕೂತಿತು. ಲಕ್ಷ್ಮೀಪತಿಯವರು ಪುನಶ್ಚೇತನ ಪರಿಣಾಮವನ್ನು ಮುಕ್ಕಾಲು ಗಂಟೆ ವರ್ಣಿಸಿದರು. ಆ ಶಿಸ್ತಿನ 'ಒಂದು' ಬಂದಾಗ ಅವರ ಧ್ವನಿ ಪೂಜೆಯ ಮಂತ್ರದ ಹಾಗೆ ಇಳಿಯಿತು. ಬೇವಿನಕುಂಟೆಯ ಕೆರೆಗೆ ಇಂಥ ಶಕ್ತಿ ಇದೆಯೆಂದು ತಿಳಿದು ಊರಿನವರಿಗೂ ಖುಷಿಯಾಯಿತು. ಇಷ್ಟು ವರ್ಷ ಅದಕ್ಕೆ ನೀರು ಹಿಡಿದಿಡುವ ಶಕ್ತಿಯೂ ಇರಲಿಲ್ಲ.

"ಕೊನೆಗೂ ತೋಳೇ ಅಂತಾಯ್ತಲ್ಲಣ್ಣಾ," ಎಂದ ಬಸವೇಶ, ಎಲ್ಲರಿಗೂ ಕೇಳುವ ಹಾಗೆ.

ಅಡವಯ್ಯ ಎದ್ದು ನೇರ ಸಮಿತಿಯ ಅಧ್ಯಕ್ಷರ ಮುಂದೆ ಹೋಗಿ ನಿಂತ. ಅವರು ಕೊರಟಗೆರೆ ಕಡೆಯವರು, ತಲೆ ಪೂರ್ತಿ ನೆರೆತವರು.

"ಸ್ವಾಮಿ, ಆ ಸಲ್ಯ ಹಂಗೇ ಒಡ್ಡಿ."

ಅವರು ಆಶ್ಚರ್ಯದಿಂದಲೇ ಹೆಗಲ ಮೇಲಿನ ಶಲ್ಯ ಒಡ್ಡಿದರು. ಅಡವಯ್ಯ ಹುರುಳಿಯನ್ನು ಸೇರಿಗೆ ತುಂಬಿ ಅಳೆದು ಹಾಕತೊಡಗಿದ. ಕಣದ ರೂಢಿಯಂತೆ ಮೊದಲನೆಯದಕ್ಕೆ ಒಂದು ಎನ್ನದೆ ಲಾಭ ಎಂದ. "ಲಾಭ. ಎರಡು. ಮೂರು. ನಾಕು." ಆಮೇಲೆ ಸೇರನ್ನು ಕೆಳಗಿಟ್ಟು, ಎರಡೂ ಕೈ ಸೇರಿಸಿ ಒಂದು ಬೊಗಸೆ ಮೇಲೆ ಸುರಿದ.

"ಎಷ್ಟಾಯ್ತು ಸ್ವಾಮಿ?"

"ನಾಲ್ಕು ಸೇರು."

"ಆ ಬೊಗಸೆ?"

"ಅದು ಕೊಸರಲ್ಲವೇನಪ್ಪ," ಎಂದರು ಅಧ್ಯಕ್ಷರು. "ಕೊಸರು ಯಾರು ಲೆಕ್ಕಕ್ಕೆ ಹಿಡೀತಾರೆ?"

ಅಡವಯ್ಯ ಒಮ್ಮೆ ಊರನ್ನೆಲ್ಲ ನೋಡಿದ. ಬಸವೇಶನ ಮೇಲೆ ಕಣ್ಣು ಕೊಂಚ ಹೆಚ್ಚು ಹೊತ್ತು ನಿಂತಿತು. "ಗಾಳೀನೂ ಇಂಗೇ ಅಳ್ದಿವ್ನಿ ಸ್ವಾಮಿ. ನಾಕು ಅಳ್ದು ಒಂದು ಕೊಸರು ಹಾಕ್ದೆ. ನನ್ನ ಅಳತೇಲಿ ತೆಪ್ಪಿಲ್ಲ. ಕೊಸರನ್ನೂ ಸೇರಿಸ್ಕಂಡು ಐದು ಅಂತ ಲೆಕ್ಕ ಹಿಡ್ದಿರಾದು ಬೆಂಗಳೂರ್ನೋರು."

ಶಾಮಿಯಾನದಲ್ಲಿ ಗಾಳಿ ಆಡುವ ಸದ್ದು ಮಾತ್ರ ಕೇಳಿಸಿತು, ಎಷ್ಟು ಉಳಿದಿತ್ತೋ ಅಷ್ಟು. ಲೋಹಿತಾ ಕಾರ್ಡಿನ ಅಂಕಿಗಳನ್ನೂ ರಿಜಿಸ್ಟರಿನ ಪುಟವನ್ನೂ ಅಧ್ಯಕ್ಷರ ಮುಂದೆ ಇಟ್ಟಳು. ಅವರು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು. ಬೆರಳು ಕೆಳಗೆ ಹೋದಂತೆ ಅವರ ಭುಜಗಳು ಕುಲುಕತೊಡಗಿದವು. ಮಡಿಲಿನ ಶಲ್ಯದಿಂದ ಹುರುಳಿ ಕಾಳು ಒಂದೊಂದಾಗಿ ಜಮಖಾನಕ್ಕೆ ಉದುರಿದವು.

"ಲಕ್ಷ್ಮೀಪತಿಯವರೇ," ಎಂದರು ಕೊನೆಗೆ, "ನಿಮ್ಮ ಪುನಶ್ಚೇತನ ಪರಿಣಾಮ ಇವರ ಬೊಗಸೆಯಲ್ಲಿದೆ."

ಲಕ್ಷ್ಮೀಪತಿಯವರು ಅಧೀರರಾಗಲಿಲ್ಲ. ವಿಜ್ಞಾನದಲ್ಲಿ ಹಿರಿಯ ಸ್ಥಾನಕ್ಕೆ ಏರಿದವರು ಜಾರುವುದನ್ನೂ ಕಲಿತಿರುತ್ತಾರೆ. ತಮಗೆ ಮೊದಲಿನಿಂದಲೂ ಆ ಒಂದರ ಮೇಲೆ ಅನುಮಾನವಿತ್ತು, ಮಾನವ ವೀಕ್ಷಕರ ಸಾಂಸ್ಕೃತಿಕ ಔದಾರ್ಯವನ್ನು ಮಾಡೆಲ್‌ಗಳಲ್ಲಿ ತಿದ್ದಿಕೊಳ್ಳುವ ಹೊಸ ವಿಧಾನವೊಂದನ್ನು ರೂಪಿಸಲೆಂದೇ ಇಷ್ಟು ಹೊತ್ತು ಮಾತಾಡಿದೆ ಎಂದರು. ಅದಕ್ಕೂ ಒಂದು ಹೆಸರಿಟ್ಟರು. ಊಟದ ಹೊತ್ತಿಗೆ ಅದರ ಸಮೀಕರಣವೂ ಸಿದ್ಧವಾಗಿತ್ತು.

ಸಮಿತಿಯವರು ಹೋದರು. ಲೋಹಿತಾಳ ಮಾಡೆಲ್ ಗೆದ್ದಿತು. ಅಡವಯ್ಯನ ಸೇರೂ ಗೆದ್ದಿತು. ಉಳಿದದ್ದು ತೋಳು.

"ಗಾಳಿ ಕಮ್ಮಿ ಆಗೈತೆ, ಒಪ್ಕಂಡೆ," ಎಂದ ಬಸವೇಶ ಸಂಜೆ, ಕಣದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು. "ಆದ್ರೆ ಹತ್ತು ಹೆಜ್ಜೇದು ಏಳಕ್ಕೆ ಬಂದೈತಲ್ಲ, ಮೂರಕ್ಕೆ ಮೂರೂ ಫ್ಯಾನೇ ತಿಂತಾ? ಕೇಳ್ರಿ ಆ ಅಮ್ಮಯ್ಯನ್ನ."

ಲೋಹಿತಾ ಲ್ಯಾಪ್‌ಟಾಪು ತೆರೆದು ಲೆಕ್ಕ ಹಾಕಿದಳು. ಗಾಳಿ ಐದು ಇದ್ದಾಗ ಹೊಟ್ಟು ಹತ್ತು ಹೆಜ್ಜೆ ಹೋಗುತ್ತಿದ್ದರೆ, ನಾಲ್ಕು ಇರುವಾಗ ಎಂಟು ಹೋಗಬೇಕು. ಎಂಟು ಬಿದ್ದರೆ ತೋಳಿಗೆ ಏನೂ ಆಗಿಲ್ಲ. ಊರು ಕಣದ ಸುತ್ತ ನಿಂತಿತು. ಮೂಡಗಾಳಿ ಎದ್ದಿತು. ಪೆಟ್ಟಿಗೆ ನಾಲ್ಕು ತೋರಿಸುತ್ತಿದೆ ಎಂದು ಫೈಜಲ್ ಕೆರೆಯಿಂದ ಫೋನು ಮಾಡಿದ. ಕೊಸರು ಇಲ್ಲದ ನಾಲ್ಕು.

ಅಡವಯ್ಯ ಮಣೆ ಹತ್ತಿದ. ಮೊರ ತಲೆಯ ಮೇಲೇರಿತು. ಕಾಳು ಸುರಿಯಿತು, ಹೊಟ್ಟು ಹೊಂಬಣ್ಣದ ಹೊಗೆಯ ಹಾಗೆ ಎದ್ದು, ತೇಲಿ, ಪಡುವಲಿಗೆ ಹೋಗಿ ಕೂತಿತು. ಎಲ್ಲಿ ಕೂತಿತೆಂದು ಅಡವಯ್ಯನಿಗೆ ಮಣೆಯ ಮೇಲಿಂದಲೇ ಗೊತ್ತಾಯಿತು. ನಲವತ್ತು ವರ್ಷ ಅದನ್ನೇ ನೋಡಿದ ಕಣ್ಣು.

"ನಾನು ಅಳೀತೀನಿ," ಎಂದು ಲೋಹಿತಾ ಮಣೆಯ ಬುಡದಿಂದ ಹೆಜ್ಜೆ ಹಾಕಿದಳು. ಒಂದು, ಎರಡು, ಮೂರು. ಮೊದಲು ಉದ್ದನೆಯ ಹೆಜ್ಜೆಗಳು. ಐದಾದ ಮೇಲೆ ಚಪ್ಪಲಿಗೆ ಮುಳ್ಳು ಚುಚ್ಚಿತೋ ಏನೋ, ಹೆಜ್ಜೆಗಳು ಗಿಡ್ಡವಾದವು. ಆರು. ಏಳು. ಎಂಟು ಎನ್ನುವಾಗ ಅವಳ ಕಾಲು ಹೊಟ್ಟಿನ ಮೇಲಿತ್ತು.

"ಎಂಟು," ಎಂದಳು ಊರಿಗೆಲ್ಲ ಕೇಳುವಂತೆ.

ಬಸವೇಶ ಎದ್ದು ಪಂಚೆ ಕೊಡವಿಕೊಂಡ. "ಎಂಟಾದ್ರೆ ಸರಿ ಬುಡಿ," ಎಂದು ಟ್ರ್ಯಾಕ್ಟರಿನ ಕಡೆ ಹೋದ. ಊರು ಸಂತೋಷದಿಂದ ಮನೆಗೆ ಹೋಯಿತು.

ಅಡವಯ್ಯ ಮಣೆಯ ಮೇಲೆ ಹಾಗೆಯೇ ನಿಂತಿದ್ದ. ಆಮೇಲೆ ಇಳಿದು, ಯಾರೂ ಇಲ್ಲದ್ದನ್ನು ನೋಡಿ, ತಾನೇ ಒಮ್ಮೆ ಹೆಜ್ಜೆ ಹಾಕಿದ. ಏಳಕ್ಕೆ ನಿಂತ. ಹೊಟ್ಟಿನ ಅಂಚಿನಲ್ಲಿ ಪುಟ್ಟ ಪುಟ್ಟದಾಗಿ ಒತ್ತೊತ್ತಾಗಿ ಬಿದ್ದಿದ್ದ ಲೋಹಿತಾಳ ಚಪ್ಪಲಿ ಗುರುತುಗಳನ್ನು ಬಹಳ ಹೊತ್ತು ನೋಡಿದ.

ಕಮಲಾಕ್ಷಮ್ಮ ರಾಶಿಯ ಪಕ್ಕ ಕೂತು ಪೊರಕೆಯಿಂದ ಕಾಳು ಒಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಎಷ್ಟಂದ್ಲೇ ಆ ಹುಡ್ಗಿ?" ಎಂದು ಅಡವಯ್ಯ ಕೇಳಿದ.

"ಎಂಟು ಕಣ್ರೀ," ಎಂದಳು ಕಮಲಾಕ್ಷಮ್ಮ. "ಕೊಸರು ಸೇರಿ."